ಒಂದು ಚಮಚ ಸಕ್ಕರೆಯ ಲೆಕ್ಕ

ಪ್ರಾಯದ ಮನುಷ್ಯನೊಬ್ಬನ ದೇಹದಲ್ಲಿ ಹೆಚ್ಚುಕಡಿಮೆ ೫ ಲೀಟರು ರಕ್ತವಿರುತ್ತದೆ. ಆರೋಗ್ಯವಂತನ ರಕ್ತವನ್ನು ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ಪರೀಕ್ಷಿಸಿದರೆ, ಪ್ರತಿ ೧೦೦ ಮಿಲಿಲೀಟರಿನಲ್ಲಿ ಸುಮಾರು ೯೦ ಮಿಲಿಗ್ರಾಂ ಗ್ಲೂಕೋಸು ಕರಗಿರುವುದು ಕಂಡುಬರುತ್ತದೆ. ಲೆಕ್ಕ ಹಾಕಿ ನೋಡಿದರೆ, ಇಡೀ ದೇಹದ ರಕ್ತದಲ್ಲಿರುವ ಸಕ್ಕರೆ ನಾಲ್ಕೂವರೆ ಗ್ರಾಂ ಮಾತ್ರ. ಚಹದ ಚಮಚದಲ್ಲಿ ತುಂಬಿದರೆ ಒಂದು ಚಮಚ. ಇನ್ನು ನಮ್ಮ ಊಟವನ್ನು ನೋಡಿರಿ. ಜೋಳದ ರೊಟ್ಟಿಯೊಂದಕ್ಕೆ ೫೦ ಗ್ರಾಂ ಹಿಟ್ಟು ಹಿಡಿಯುತ್ತದೆಂದು ಇಟ್ಟುಕೊಂಡರೆ, ಅದರಲ್ಲಿ ಸುಮಾರು ೩೫ ಗ್ರಾಂ ಪಿಷ್ಟವಿರುತ್ತದೆ. ಜೀರ್ಣವಾದಾಗ ಆ ಪಿಷ್ಟವು ಗ್ಲೂಕೋಸಾಗಿ ರಕ್ತವನ್ನು ಸೇರುತ್ತದೆ. ಎರಡು ರೊಟ್ಟಿ ಉಂಡವನ ರಕ್ತಕ್ಕೆ, ಅಲ್ಲಿ ಮೊದಲೇ ಇದ್ದ ಸಕ್ಕರೆಯ ಹದಿನೈದು ಪಟ್ಟು ಸಕ್ಕರೆ ಕೆಲವೇ ತಾಸುಗಳಲ್ಲಿ ಬಂದು ಸೇರುತ್ತದೆ. ಹೀಗಿದ್ದರೂ ಆರೋಗ್ಯವಂತನಲ್ಲಿ ಆ ಅಂಕಿಯು ೧೪೦ನ್ನು ದಾಟುವುದು ಅಪರೂಪ. ಒಂದು ಹೊತ್ತು ಉಪವಾಸವಿದ್ದರೂ ೭೦ಕ್ಕಿಂತ ಕೆಳಗಿಳಿಯುವುದು ಅಪರೂಪ.

ಈ ಲೆಕ್ಕವನ್ನು ದೇಹವು ಹಗಲಿರುಳೂ ತಾನಾಗಿಯೇ ಇಡುತ್ತದೆ. ನಮಗೆ ಅದರ ಅರಿವು ಕೂಡ ಇರುವುದಿಲ್ಲ. ಆದರೆ ಈ ಲೆಕ್ಕವನ್ನು ದಿನಕ್ಕೆ ಹತ್ತಾರು ಸಲ ತಮ್ಮ ಬುದ್ಧಿಯಿಂದಲೂ ತಮ್ಮ ಕೈಯಿಂದಲೂ ಮಾಡಬೇಕಾದ ಜನರು ನಮ್ಮ ನಡುವೆ ಇದ್ದಾರೆ. ಅವರಿಗೆ ಬಂದಿರುವುದು ಮೊದಲನೆಯ ಬಗೆಯ ಮಧುಮೇಹ. ಆ ರೋಗವೆಂದರೇನು, ಅದರೊಡನೆ ಬಾಳುವುದೆಂದರೇನು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ತಾನೇ ನಡೆಯುವ ನಿಯಂತ್ರಣ

ಜಠರದ ಹಿಂದೆ ಮೇದೋಜೀರಕ ಗ್ರಂಥಿಯೆಂಬ ಅಂಗವುಂಟು. ೧೮೬೯ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯವಿದ್ಯಾರ್ಥಿಯು ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಸುತ್ತಲಿನ ಜೀವಕೋಶಗಳಿಗಿಂತ ಬೇರೆಯಾದ ಕೋಶಗಳ ಚಿಕ್ಕಚಿಕ್ಕ ಗುಂಪುಗಳು ಕಡಲಿನ ನಡುವೆ ದ್ವೀಪಗಳಿರುವಂತೆ ಚದರಿರುವುದನ್ನು ಕಂಡನು. ಅವು ಏತಕ್ಕಾಗಿ ಇವೆಯೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಇನ್ಸುಲಿನ್ ಎಂಬ ರಸವನ್ನು ತಯಾರಿಸುವ ಬೀಟಾ ಕೋಶಗಳು ಈ ದ್ವೀಪಗಳಲ್ಲಿಯೇ ಇವೆ.

ಇನ್ಸುಲಿನ್ನಿನ ಕೆಲಸವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಹಿಂದೆ ನಮ್ಮ ಕಡೆ ಬಾವಿಯ ನೀರೆತ್ತಲೂ ಕಬ್ಬಿನ ಗಾಣ ತಿರುಗಿಸಲೂ ಎಣ್ಣೆ ಇಂಜಿನುಗಳನ್ನು ಬಳಸುತ್ತಿದ್ದರು. ಗಾಣಕ್ಕೆ ಕಬ್ಬು ಕೊಟ್ಟೊಡನೆ ಇಂಜಿನಿನ ವೇಗ ಕುಗ್ಗುವುದು. ಆಗ ಅದಕ್ಕೆ ಜೋಡಿಸಿದ ವೇಗನಿಯಂತ್ರಕವು ಹೆಚ್ಚು ಎಣ್ಣೆಯನ್ನು ಬಿಡುವುದು. ಕಬ್ಬು ಮುಗಿದು ವೇಗ ಏರಿದೊಡನೆ ಎಣ್ಣೆಯನ್ನು ತಗ್ಗಿಸುವುದು. ಯಾರೂ ಪಕ್ಕದಲ್ಲಿ ನಿಂತು ಕಾಯಬೇಕಾಗಿರಲಿಲ್ಲ. ಬೀಟಾ ಕೋಶಗಳೂ ಹೀಗೆಯೇ. ರಕ್ತದಲ್ಲಿ ಸಕ್ಕರೆ ಏರಿದೊಡನೆ ಇನ್ಸುಲಿನ್ನನ್ನು ಬಿಡುತ್ತವೆ, ಇಳಿದೊಡನೆ ನಿಲ್ಲಿಸುತ್ತವೆ. ಬಿಟ್ಟ ಇನ್ಸುಲಿನ್ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಬಾಗಿಲನ್ನು ತೆರೆದು ಸಕ್ಕರೆಯನ್ನು ಒಳಗೆ ಸೇರಿಸುತ್ತದೆ. ಉಳಿದುದನ್ನು ಕೂಡಿಡುವಂತೆ ಯಕೃತ್ತಿಗೆ ಸೂಚನೆ ಕೊಡುತ್ತದೆ. ರಕ್ತದಲ್ಲಿ ಬಿದ್ದ ಇನ್ಸುಲಿನ್ನಿನ ಅರ್ಧಭಾಗ ನಾಲ್ಕೈದು ನಿಮಿಷಗಳಲ್ಲಿಯೇ ನಾಶವಾಗುತ್ತದೆ. ಆದುದರಿಂದ ನಿಯಂತ್ರಣವು ಕ್ಷಣಕ್ಷಣಕ್ಕೂ ಹೊಸದಾಗಿರುತ್ತದೆ.

ಮೊದಲನೆಯ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾವ್ಯವಸ್ಥೆಯು ತನ್ನವೇ ಆದ ಬೀಟಾ ಕೋಶಗಳನ್ನು ಹಗೆಗಳೆಂದು ಬಗೆದು ಕೊಂದುಬಿಡುತ್ತದೆ. ಇದು ಹೆಚ್ಚಾಗಿ ಬಾಲ್ಯದಲ್ಲಿಯೋ ತಾರುಣ್ಯದಲ್ಲಿಯೋ ಕಾಣಿಸಿಕೊಳ್ಳುವುದಾದರೂ ಯಾವ ವಯಸ್ಸಿನಲ್ಲಿಯೂ ಬರಬಹುದು. ನಡುವಯಸ್ಸಿನ ಮೇಲೆ ಸಾಮಾನ್ಯವಾಗಿ ಬರುವ ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹವು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಅಲ್ಲಿ ಪಥ್ಯ, ವ್ಯಾಯಾಮ, ಗುಳಿಗೆಗಳು ಬಹುಮಟ್ಟಿಗೆ ಸಾಗುತ್ತವೆ. ಮೊದಲನೆಯದರಲ್ಲಿ ಇನ್ಸುಲಿನ್ನೇ ಇಲ್ಲ; ಹೊರಗಿನಿಂದ ಕೊಡುವುದೊಂದೇ ದಾರಿ. ಎರಡಕ್ಕೂ ಹೆಸರು ಒಂದೇ ಆದುದರಿಂದ ಜನರಲ್ಲಿ ಬಹಳ ಗೊಂದಲ ಹುಟ್ಟಿದೆ. ಮೊದಲನೆಯ ಬಗೆಯು ಸಿಹಿ ತಿಂದುದರಿಂದ ಬರುವುದಲ್ಲ, ಅಂಟುರೋಗವೂ ಅಲ್ಲ.

ಕರ್ನಾಟಕದಲ್ಲಿ ಹದಿಮೂರು ವರ್ಷಗಳ ಕಾಲ ಇಟ್ಟ ದಾಖಲೆಯೊಂದರಂತೆ, ಪ್ರತಿ ವರ್ಷ ಒಂದು ಲಕ್ಷ ಹುಡುಗರಲ್ಲಿ ೩.೭ ಮಂದಿಗೂ ಒಂದು ಲಕ್ಷ ಹುಡುಗಿಯರಲ್ಲಿ ೪.೦ ಮಂದಿಗೂ ಈ ರೋಗ ಹೊಸದಾಗಿ ಬರುತ್ತದೆ. ಸಂಖ್ಯೆ ಸಣ್ಣದೆಂದು ತೋರಬಹುದು. ಆದರೆ ಬಂದ ರೋಗ ಹೋಗುವುದಲ್ಲವಾದುದರಿಂದ ಇವರ ಸಂಖ್ಯೆ ವರ್ಷವರ್ಷವೂ ಕೂಡುತ್ತಲೇ ಹೋಗುತ್ತದೆ.

ಬಾಯಾರಿಕೆಯ ಕಾರಣ

ರೋಗದ ಮೊದಲ ಗುರುತುಗಳನ್ನು ಭೌತಶಾಸ್ತ್ರದ ವಿದ್ಯಾರ್ಥಿಯು ಸುಲಭವಾಗಿ ಊಹಿಸಬಲ್ಲನು. ರಕ್ತದ ಸಕ್ಕರೆ ೧೮೦ರ ಸುಮಾರಿಗೆ ಬಂದಾಗ ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರವು. ಸಕ್ಕರೆಯು ಮೂತ್ರದಲ್ಲಿ ಸೋರತೊಡಗುತ್ತದೆ. ಅಭಿಸರಣದ ನಿಯಮದಂತೆ ಸಕ್ಕರೆಯು ತನ್ನೊಡನೆ ನೀರನ್ನೂ ಸೆಳೆದುಕೊಂಡು ಹೋಗುತ್ತದೆ. ಆದುದರಿಂದ ಮೇಲಿಂದ ಮೇಲೆ ಮೂತ್ರ, ಅದರಿಂದ ತೀರದ ಬಾಯಾರಿಕೆ. ಹಾಸಿಗೆಯಲ್ಲಿ ಮೂತ್ರಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಮತ್ತೆ ಮಾಡತೊಡಗುವುದುಂಟು. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಕೋಶಗಳಿಗೆ ಅದು ಸಿಕ್ಕದೆ ದೇಹವು ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳುವುದರಿಂದ, ಎಷ್ಟು ಉಂಡರೂ ಮೈ ಸೊರಗುತ್ತದೆ. ಹೀಗೆ ಕೊಬ್ಬು ಉರಿದಾಗ ಹುಟ್ಟುವ ಆಮ್ಲಪದಾರ್ಥಗಳು ರಕ್ತದಲ್ಲಿ ಕೂಡಿಕೊಂಡರೆ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಕಾಣಿಸಿಕೊಂಡು ರೋಗಿಯು ಎಚ್ಚರ ತಪ್ಪುತ್ತಾನೆ. ಆಗ ತಾಸು ಎರಡು ತಾಸುಗಳ ವಿಳಂಬವೂ ಪ್ರಾಣಾಂತಿಕವಾಗಬಹುದು.

ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿಯೇ ಮಧುಮೇಹವೆಂಬ ಹೆಸರಿಟ್ಟರು. ಸುಶ್ರುತಸಂಹಿತೆಯು ಮೇಹರೋಗವನ್ನು ಹುಟ್ಟಿನಿಂದ ಬರುವ ಸಹಜ, ಆಹಾರದೋಷದಿಂದ ಬರುವ ಅಪಥ್ಯನಿಮಿತ್ತ ಎಂದು ಎರಡಾಗಿ ವಿಂಗಡಿಸಿ, ಸಹಜರೋಗಿಯು ಕೃಶನೂ ಬಾಯಾರಿದವನೂ ಆಗಿರುವನೆಂದು ಹೇಳುತ್ತದೆ. ಇಂದಿನ ವಿಂಗಡಣೆಗೆ ಇದು ಸರಿಯಾಗಿ ಹೊಂದುವುದೆಂದು ಹೇಳಲಾಗದಿದ್ದರೂ, ರೋಗವು ಒಂದೇ ಬಗೆಯದಲ್ಲವೆಂಬುದನ್ನು ಅವರು ಕಣ್ಣಿಂದಲೇ ಕಂಡುಕೊಂಡಿದ್ದರೆಂಬುದು ಮೆಚ್ಚತಕ್ಕ ಸಂಗತಿ.

ನಾಯಿಯಿಂದ ಕಿಣ್ವದವರೆಗೆ

೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದಿತು. ರೋಗದ ನೆಲೆ ಗೊತ್ತಾಯಿತು. ಮದ್ದು ಮಾತ್ರ ಸಿಕ್ಕಲಿಲ್ಲ. ಈ ರೋಗ ಬಂದ ಮಕ್ಕಳನ್ನು ವೈದ್ಯರು ಅರೆ ಉಪವಾಸದಲ್ಲಿಟ್ಟು ಸ್ವಲ್ಪ ಕಾಲ ಬದುಕಿಸುತ್ತಿದ್ದರು, ಅಷ್ಟೆ. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು ಪ್ರಾಧ್ಯಾಪಕ ಮ್ಯಾಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಗ್ರಂಥಿಯ ಸಾರವನ್ನು ತೆಗೆದು ನಾಯಿಗಳಿಗೆ ಚುಚ್ಚಿ ಗುಣ ಕಂಡರು. ೧೯೨೨ರ ಜನವರಿ ೧೧ರಂದು ಲೆನಾರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಸಾರವು ಶುದ್ಧವಾಗಿರಲಿಲ್ಲವಾಗಿ ಅದನ್ನು ನಿಲ್ಲಿಸಬೇಕಾಯಿತು. ಜೀವರಸಾಯನಶಾಸ್ತ್ರಜ್ಞನಾದ ಕಾಲಿಪ್ ಅದನ್ನು ಶುದ್ಧಗೊಳಿಸಿಕೊಟ್ಟ ಮೇಲೆ ೨೩ರಂದು ಮತ್ತೆ ಕೊಟ್ಟಾಗ ಹುಡುಗನು ಚೇತರಿಸಿಕೊಂಡನು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಶೋಧದ ಏಕಸ್ವಾಮ್ಯದ ಹಕ್ಕನ್ನು ಶೋಧಕರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿಬಿಟ್ಟರು.

೧೯೨೨ರ ಆಗಸ್ಟಿನಲ್ಲಿ ಬ್ಯಾಂಟಿಂಗರ ಬಳಿಗೆ ಬಂದ ಎಲಿಜಬೆತ್ ಹ್ಯೂಸ್ ಎಂಬ ಅಮೆರಿಕದ ಹುಡುಗಿಯು ಹದಿನೈದು ವರ್ಷ ತುಂಬುವುದರಲ್ಲಿದ್ದರೂ ೨೦ ಕಿಲೋಗ್ರಾಂ ಮಾತ್ರ ತೂಗುತ್ತಿದ್ದಳು. ಆಕೆ ಇನ್ಸುಲಿನ್ನಿನ ಬಲದಿಂದ ಮದುವೆಯಾಗಿ, ಮಕ್ಕಳನ್ನು ಹೆತ್ತು, ೧೯೮೧ರವರೆಗೆ ಬಾಳಿದಳು. ಅಷ್ಟರಲ್ಲಿ ಆಕೆ ತೆಗೆದುಕೊಂಡಿದ್ದ ಚುಚ್ಚುಮದ್ದುಗಳು ೪೨,೦೦೦ಕ್ಕೂ ಹೆಚ್ಚು.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲುಂಟು. ೫೧ ಅಮೈನೋ ಆಮ್ಲಗಳಿಂದ ಕೂಡಿದ ಇನ್ಸುಲಿನ್ ಅಣುವಿನ ಮೂರು ಆಯಾಮಗಳ ರಚನೆಯನ್ನು ೧೯೬೯ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡವು ಕ್ಷ-ಕಿರಣಗಳಿಂದ ಬಿಡಿಸಿ ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮುಗಿಸಿ ಹೋಗಿದ್ದ, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದ ಎಂ. ವಿಜಯನ್ ಅವರು ಆ ತಂಡದಲ್ಲಿದ್ದರು. ಶೀಷೆಯಲ್ಲಿ ಇನ್ಸುಲಿನ್ನಿನ ಆರಾರು ಅಣುಗಳು ಸತುವಿನ ಸುತ್ತ ಗುಂಪುಗೂಡಿರುತ್ತವೆ. ಗುಂಪು ಬಿಡಿಬಿಡಿಯಾದ ಮೇಲೆಯೇ ಅವು ರಕ್ತವನ್ನು ಸೇರಬಲ್ಲವು. ರಚನೆಯ ಈ ತಿಳಿವಳಿಕೆಯಿಂದಲೇ ಅಣುವಿನ ಒಂದೆರಡು ಅಮೈನೋ ಆಮ್ಲಗಳನ್ನು ಬದಲಿಸಿ, ಬೇಗ ಬಿಡಿಯಾಗುವ ಇನ್ಸುಲಿನ್ನುಗಳನ್ನು ತಯಾರಿಸುವುದು ಸಾಧ್ಯವಾಯಿತು. ಅವುಗಳಲ್ಲಿ ಮೊದಲನೆಯದು ೧೯೯೬ರಲ್ಲಿ ಬಳಕೆಗೆ ಬಂದಿತು. ದನ ಮತ್ತು ಹಂದಿಗಳ ಗ್ರಂಥಿಗಳಿಂದ ಇನ್ಸುಲಿನ್ ತೆಗೆಯುವ ಕಾಲವೂ ಬಹುಮಟ್ಟಿಗೆ ಹೋಯಿತು. ಸೂಕ್ಷ್ಮಜೀವಿಗಳಿಗೆ ಮಾನವ ಇನ್ಸುಲಿನ್ನಿನ ಜೀನನ್ನು ಸೇರಿಸಿ ಅವುಗಳಿಂದಲೇ ತಯಾರಿಸಿದ ಇನ್ಸುಲಿನ್ ೧೯೮೨ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ೨೦೦೪ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟಿನಿಂದ ಮಾಡಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ಒಂದು ದಿನದ ಲೆಕ್ಕ

ಈ ಲೇಖನವನ್ನು ಬರೆಯುತ್ತಿರುವವನು ಅಥಣಿ ತಾಲೂಕಿನ ಅನಂತಪುರದವನು. ಹನ್ನೆರಡನೆಯ ವಯಸ್ಸಿನಿಂದ ಈ ರೋಗದೊಡನೆ ಬಾಳುತ್ತಿರುವವನು. ನಮ್ಮ ಸೀಮೆ ಕಬ್ಬಿನದು, ಬೆಲ್ಲದ್ದು, ದ್ರಾಕ್ಷಿಯದು. ಕೃಷ್ಣೆಯ ದಡದ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಸುಗ್ಗಿಯಲ್ಲಿ ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಇಂಥ ಸೀಮೆಯಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ತಿಳಿಸುತ್ತೇನೆ.

ಬೆಳಿಗ್ಗೆ ಎದ್ದೊಡನೆ ಬೆರಳ ತುದಿಯನ್ನು ಸಣ್ಣ ಸೂಜಿಯಿಂದ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಯ ತುದಿಗೆ ಮುಟ್ಟಿಸಬೇಕು. ಪಟ್ಟಿಯಲ್ಲಿರುವ ಕಿಣ್ವವು ಗ್ಲೂಕೋಸನ್ನು ಉತ್ಕರ್ಷಿಸಿದಾಗ ಇಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುದ್ವಾರಕ್ಕೆ ಹರಿಯುತ್ತವೆ. ಈ ಪ್ರವಾಹವು ಕೆಲವೇ ಮೈಕ್ರೊಆಂಪಿಯರುಗಳಷ್ಟು. ಸಕ್ಕರೆ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಈ ಯೋಚನೆಯನ್ನು ೧೯೬೨ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮುಂದಿಟ್ಟರು. ಅದಕ್ಕೆ ಮುಂಚೆ ಮನೆಯಲ್ಲಿ ಮಾಡಬಹುದಾಗಿದ್ದುದು ಮೂತ್ರದ ಪರೀಕ್ಷೆಯೊಂದೇ. ಬೆನೆಡಿಕ್ಟ್ ದ್ರಾವಣದಲ್ಲಿ ಮೂತ್ರವನ್ನು ಕಾಯಿಸಿ, ನೀಲಿಯು ಹಸಿರಾಗಿ, ಹಳದಿಯಾಗಿ, ಇಟ್ಟಿಗೆಗೆಂಪಾಗುವುದನ್ನು ನೋಡುತ್ತಿದ್ದರು. ಆ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಪ್ರಯೋಗಶಾಲೆಯಲ್ಲಿ ಮಾಡುತ್ತಾರೆ. ಆದರೆ ಮೂತ್ರವು ಕೆಲವು ತಾಸುಗಳ ಹಿಂದಿನ ಸುದ್ದಿಯನ್ನು ಹೇಳುತ್ತದೆಯೇ ಹೊರತು ಈಗಿನದನ್ನಲ್ಲ. ರಕ್ತವನ್ನು ಮನೆಯಲ್ಲಿಯೇ ಅಳೆಯಬಹುದೆಂಬುದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಒಬ್ಬರು, ತಾವೇ ಈ ರೋಗಕ್ಕೆ ಒಳಗಾಗಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಅಮೆರಿಕದ ಇಂಜಿನಿಯರು. ೧೯೬೯ರಲ್ಲಿ ಆ ಉಪಕರಣವನ್ನು ವೈದ್ಯರಿಗಲ್ಲದೆ ಮಾರುತ್ತಿರಲಿಲ್ಲವಾದುದರಿಂದ, ವೈದ್ಯೆಯಾಗಿದ್ದ ಅವರ ಹೆಂಡತಿಯ ಹೆಸರಿನಲ್ಲಿ ಅದನ್ನು ಕೊಂಡರು.

ಅಳೆಯುವ ಮುನ್ನ ಕೈ ತೊಳೆಯುವುದನ್ನು ಮರೆಯಬಾರದು. ಅರ್ಧ ಮೈಕ್ರೊಲೀಟರು ರಕ್ತದಲ್ಲಿ ಇರಬೇಕಾದ ಸಕ್ಕರೆ ಒಂದು ಗ್ರಾಮಿನ ಇಪ್ಪತ್ತು ಲಕ್ಷದ ಒಂದು ಪಾಲು ಮಾತ್ರ. ಬೆಲ್ಲ ಮುಟ್ಟಿದ ಬೆರಳಿನಲ್ಲಿ ಅದಕ್ಕಿಂತ ಹೆಚ್ಚು ಸಕ್ಕರೆ ಅಂಟಿಕೊಂಡಿರುತ್ತದೆ. ಅಂಕಿಯು ಸುಳ್ಳಾಗಿ ಏರುತ್ತದೆ.

ಅಂಕಿ ೧೮೦ ಎಂದು ತೋರಿತೆನ್ನೋಣ. ಉಪಾಹಾರಕ್ಕೆ ಎರಡು ರೊಟ್ಟಿ, ಎಂದರೆ ೭೦ ಗ್ರಾಂ ಪಿಷ್ಟ. ಒಂದು ಯೂನಿಟ್ ಇನ್ಸುಲಿನ್ ೧೦ ಗ್ರಾಂ ಪಿಷ್ಟಕ್ಕೆ ಸಾಕು, ರಕ್ತದ ಸಕ್ಕರೆಯನ್ನು ೪೦ರಷ್ಟು ಇಳಿಸುತ್ತದೆ ಎಂದು ವೈದ್ಯರು ಗೊತ್ತುಮಾಡಿಕೊಟ್ಟಿದ್ದರೆ, ರೊಟ್ಟಿಗೆ ೭, ೧೮೦ನ್ನು ೧೦೦ಕ್ಕೆ ಇಳಿಸಲು ೨, ಒಟ್ಟು ೯ ಯೂನಿಟ್ ಬೇಕು. ಈ ಪ್ರಮಾಣಗಳು ಒಬ್ಬೊಬ್ಬರಲ್ಲಿ ಒಂದೊಂದು. ಒಬ್ಬನಲ್ಲಿಯೇ ಬೆಳಿಗ್ಗೆ ಒಂದು, ಸಂಜೆ ಒಂದು. ಜ್ವರ ಬಂದರೆ ಇನ್ನೂ ಬೇರೆ. ವೈದ್ಯರ ಸಲಹೆಯಿಲ್ಲದೆ ಇವನ್ನು ಯಾರೂ ಅನುಸರಿಸಬಾರದು.

ಲೆಕ್ಕ ಇಷ್ಟೇ ಆಗಿದ್ದರೆ ನಾಲ್ಕನೆಯ ತರಗತಿಯ ಹುಡುಗನೂ ಮಾಡಿಯಾನು. ತೊಡಕು ಇರುವುದು ಕಾಲದಲ್ಲಿ. ಹಳೆಯ ಸಾದಾ ಇನ್ಸುಲಿನ್ ಚರ್ಮದಡಿಯಿಂದ ರಕ್ತಕ್ಕೆ ಬಂದು ಕೆಲಸಕ್ಕೆ ತೊಡಗಲು ಅರ್ಧ ತಾಸು ಬೇಕು. ಅದರ ಪ್ರಭಾವ ಎರಡರಿಂದ ನಾಲ್ಕು ತಾಸುಗಳಲ್ಲಿ ತುದಿಗೇರಿ, ಆರೆಂಟು ತಾಸು ಉಳಿಯುತ್ತದೆ. ಒಮ್ಮೆ ಚುಚ್ಚಿದುದನ್ನು ಹಿಂದಕ್ಕೆ ತೆಗೆಯಲಾಗದು. ಆದುದರಿಂದ ರೋಗಿಯು ಈಗಿನ ಸಕ್ಕರೆಗಲ್ಲ, ಮೂರು ತಾಸುಗಳ ಮುಂದಿನ ಸಕ್ಕರೆಗೆ ಮದ್ದು ಹಾಕಿಕೊಳ್ಳಬೇಕು. ಚುಕ್ಕಾಣಿಯನ್ನು ತಿರುಗಿಸಿದ ಅರ್ಧ ತಾಸಿನ ಮೇಲೆ ತಿರುಗುವ ದೋಣಿಯನ್ನು ನಡೆಸುವುದಕ್ಕೆ ಇದನ್ನು ಹೋಲಿಸಬಹುದು. ನಿಯಂತ್ರಣವು ತಡವಾಗಿ ಬಂದರೆ ವ್ಯವಸ್ಥೆಯು ತೂಗಾಡತೊಡಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಸಕ್ಕರೆ ಇಳಿಯಲಿಲ್ಲವೆಂದು ಆತುರದಿಂದ ಮತ್ತೊಮ್ಮೆ ಚುಚ್ಚಿಕೊಂಡರೆ ಎರಡು ಅಲೆಗಳೂ ಕೂಡಿ ಸಕ್ಕರೆಯನ್ನು ಪಾತಾಳಕ್ಕೆ ಒಯ್ಯುತ್ತವೆ.

ಅಂಕಿ ೭೦ಕ್ಕಿಂತ ಕೆಳಗಿಳಿದರೆ ಮೈ ನಡುಗಿ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಇನ್ನೂ ಇಳಿದರೆ ಮಾತು ತೊದಲಿ ಬುದ್ಧಿ ಮಂಕಾಗುತ್ತದೆ. ಮಿದುಳಿನ ಮುಖ್ಯ ಇಂಧನ ಸಕ್ಕರೆಯೇ ಅಲ್ಲವೆ? ಆಗ ತಡಮಾಡದೆ ೧೫ ಗ್ರಾಂ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ತಿಂದು, ೧೫ ನಿಮಿಷದ ಮೇಲೆ ಮತ್ತೆ ಅಳೆಯಬೇಕು. ಹೀಗೆ, ಸಕ್ಕರೆ ಕಾಯಿಲೆಯವನ ಜೇಬಿನಲ್ಲಿ ಸದಾ ಇರಬೇಕಾದ ಮದ್ದೆಂದರೆ ಸಕ್ಕರೆಯೇ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಅದು ಉಸಿರಿನ ದಾರಿಗೆ ಹೋದೀತು. ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಬಸ್ಸು ತಪ್ಪಿ ಎರಡು ಮೈಲಿ ನಡೆದರೆ ಸ್ನಾಯುಗಳು ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಲೆಕ್ಕ ಬದಲಾಗುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಕಡುಬು, ಶೇಂಗಾ ಹೋಳಿಗೆಗಳ ಊಟಕ್ಕೆ ಕುಳಿತರೆ ಇನ್ನೊಂದು ಬಗೆ. ಹೋಳಿಗೆ ನಿಷಿದ್ಧವೇನಲ್ಲ; ಎಷ್ಟು ತಿಂದೆನೆಂಬುದು ತಿಳಿದಿರಬೇಕು, ಅದಕ್ಕೆ ತಕ್ಕ ಇನ್ಸುಲಿನ್ ಹಾಕಿಕೊಂಡಿರಬೇಕು. ರಾತ್ರಿ ಮಲಗುವ ಮುನ್ನ ಮತ್ತೆ ಅಳತೆ. ಅನುಕೂಲವಿದ್ದವರು ಇಂದು ತೋಳಿಗೆ ಅಂಟಿಸಿಕೊಳ್ಳುವ ಸಂವೇದಕವನ್ನು ಬಳಸುತ್ತಾರೆ. ಅದು ಚರ್ಮದಡಿಯ ದ್ರವದ ಸಕ್ಕರೆಯನ್ನು ಕೆಲವು ನಿಮಿಷಗಳಿಗೊಮ್ಮೆ ಅಳೆದು ಮೊಬೈಲಿಗೆ ತಿಳಿಸುತ್ತದೆ.

ಇಷ್ಟೆಲ್ಲ ಶ್ರಮ ಸಾರ್ಥಕವೆ? ಅಮೆರಿಕ ಮತ್ತು ಕೆನಡಾಗಳಲ್ಲಿ ೧,೪೪೧ ಮಂದಿಯ ಮೇಲೆ ನಡೆದು ೧೯೯೩ರಲ್ಲಿ ಮುಗಿದ ಪರೀಕ್ಷೆಯೊಂದು ಇದಕ್ಕೆ ಉತ್ತರ ಕೊಟ್ಟಿದೆ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣಿನ ತೊಂದರೆ ೭೬ ಪ್ರತಿಶತ, ನರಗಳ ತೊಂದರೆ ೬೦ ಪ್ರತಿಶತ, ಮೂತ್ರಪಿಂಡಗಳ ತೊಂದರೆ ೫೦ ಪ್ರತಿಶತ ಕಡಿಮೆಯಾಯಿತು.

ಶೀಷೆ, ಸೂಜಿ, ಮಡಕೆ

ಒಂದು ಯೂನಿಟ್ ಇನ್ಸುಲಿನ್ನಿನ ತೂಕ ೦.೦೩೪೭ ಮಿಲಿಗ್ರಾಂ. ದಿನಕ್ಕೆ ೪೦ ಯೂನಿಟ್ ಬೇಕಾದವನಿಗೆ ಸುಮಾರು ೧.೪ ಮಿಲಿಗ್ರಾಂ ಸಾಕು. ಒಂದು ಎಳ್ಳಿನ ಕಾಳಿನ ಅರ್ಧದಷ್ಟು. ಇಡೀ ವರ್ಷಕ್ಕೆ ಅರ್ಧ ಗ್ರಾಂ. ಒಂದು ಜೀವವು ಇಷ್ಟು ಅಲ್ಪ ವಸ್ತುವಿನ ಮೇಲೆ ನಿಂತಿದೆ. ಆದುದರಿಂದಲೇ ಅಳತೆಯಲ್ಲಿ ಎಚ್ಚರ ಬೇಕು.

ನಮ್ಮ ದೇಶದಲ್ಲಿ ಶೀಷೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ ೪೦ ಯೂನಿಟ್ ಸಾಂದ್ರತೆಯದು. ಪೆನ್ನಿನಲ್ಲಿ ಹಾಕುವುದು ೧೦೦ರದು. ಸಿರಿಂಜುಗಳೂ ಎರಡು ಬಗೆ: ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ೪೦ರ ಸಿರಿಂಜಿನಲ್ಲಿ ೧೦ನೆಯ ಗೆರೆಯವರೆಗೆ ಎಳೆದರೆ ಕಾಲು ಮಿಲಿಲೀಟರು ಬರುತ್ತದೆ. ಅದು ೧೦೦ರ ಇನ್ಸುಲಿನ್ ಆಗಿದ್ದರೆ ಒಳಗೆ ಹೋಗುವುದು ೧೦ ಅಲ್ಲ, ೨೫ ಯೂನಿಟ್! ಅದಲುಬದಲಾದರೆ ೧೦ರ ಬದಲು ೪ ಮಾತ್ರ. ಶೀಷೆಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಆಗಿವೆಯೇ ಎಂದು ಪ್ರತಿ ಸಲವೂ ನೋಡುವುದು ಮನೆಯ ಓದುಬಲ್ಲ ಮಕ್ಕಳು ಮಾಡಬಹುದಾದ ದೊಡ್ಡ ಉಪಕಾರ.

ಇನ್ಸುಲಿನ್ ಪ್ರೋಟೀನಾದುದರಿಂದ ಬಿಸಿಗೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಒಡೆಯದ ಶೀಷೆಯನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮ ಕಡೆ ಬಿಸಿಲು ೪೦ ಡಿಗ್ರಿಯ ಸುಮಾರಿಗೆ ಬರುತ್ತದೆ. ಹಳ್ಳಿಯ ವಿದ್ಯುತ್ತಿನ ಭರವಸೆಯಿಲ್ಲ. ಎಲ್ಲರ ಮನೆಯಲ್ಲಿಯೂ ಫ್ರಿಜ್ ಇರುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಕುಂಬಾರನ ಮಡಕೆ. ಒಂದು ದೊಡ್ಡ ಮಡಕ��ಯೊಳಗೆ ಇನ್ನೊಂದು ಚಿಕ್ಕದನ್ನಿಟ್ಟು, ನಡುವೆ ಒದ್ದೆ ಮರಳನ್ನು ತುಂಬಿ, ಒಳಗಿನದರಲ್ಲಿ ಶೀಷೆಯನ್ನು ಒಣಡಬ್ಬಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡುತ್ತಾರೆ. ಹರವಿಯ ನೀರು ತಣ್ಣಗಿರುವ ಕಾರಣವೇ ಇಲ್ಲಿಯೂ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೨,೪೦೦ ಜೂಲ್ ಶಾಖವನ್ನು ಸೆಳೆದುಕೊಳ್ಳುತ್ತದೆ. ಗಾಳಿಯ ಉಷ್ಣತೆ ೪೦ ಡಿಗ್ರಿ, ತೇವಾಂಶ ೨೦ ಪ್ರತಿಶತ ಇದ್ದಾಗ ಒದ್ದೆ ಬುರುಡೆಯ ಉಷ್ಣತಾಮಾಪಕವು ೨೩ ಡಿಗ್ರಿಯ ಸುಮಾರು ತೋರಿಸುತ್ತದೆ. ಮಡಕೆಯು ಆ ಮಿತಿಯ ಕಡೆಗೆ ಸಾಗುತ್ತದೆ, ಆದರೆ ಅದನ್ನು ಪೂರ್ತಿ ಮುಟ್ಟುವುದಿಲ್ಲ. ಹೀಗೆ, ಮಡಕೆಯು ಫ್ರಿಜ್ಜಿಗೆ ಸಮವಲ್ಲ. ಬಳಕೆಯಲ್ಲಿರುವ ಶೀಷೆಯನ್ನು ಸುಮಾರು ನಾಲ್ಕು ವಾರ ಕಾಪಾಡಲು ತಕ್ಕುದು. ಮಳೆಗಾಲದ ತೇವದ ಗಾಳಿಯಲ್ಲಿ ಅದರ ಶಕ್ತಿ ಕುಂದುತ್ತದೆ. ಆದರೆ ಆಗ ಗಾಳಿಯೇ ತಂಪಾಗಿರುತ್ತದೆ. ೨೫ರಿಂದ ೩೭ ಡಿಗ್ರಿಗಳ ನಡುವೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ತನ್ನ ಗುಣವನ್ನು ಕಳೆದುಕೊಳ್ಳುವುದಿಲ್ಲವೆಂದು ಜಿನೀವಾ ವಿಶ್ವವಿದ್ಯಾಲಯವೂ ಗಡಿಯಿಲ್ಲದ ವೈದ್ಯರ ಸಂಸ್ಥೆಯೂ ೨೦೨೧ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ತೋರಿಸಿವೆ.

ಕೆಲವು ಅಭಿಪ್ರಾಯಗಳು

ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟ ಈ ಬಾಳಿನಿಂದ ನನ್ನಲ್ಲಿ ಮೂಡಿದ ಕೆಲವು ಅಭಿಪ್ರಾಯಗಳನ್ನು ಹೇಳಿ ಮುಗಿಸುತ್ತೇನೆ.

ಸೂಜಿಯ ನೋವು ಈ ರೋಗದಲ್ಲಿ ಅತಿ ಸಣ್ಣ ಭಾಗ. ಇಂದಿನ ಸೂಜಿಯು ಕೂದಲಿನಂತೆ ತೆಳುವಾದುದು. ರಜೆಯೇ ಇಲ್ಲದ ಲೆಕ್ಕದಿಂದ ಬರುವ ದಣಿವು ದೊಡ್ಡದು. ಸುತ್ತಲಿನವರ ಮಾತು ಅದಕ್ಕಿಂತ ದೊಡ್ಡದು. “ಇಷ್ಟು ಸಣ್ಣ ವಯಸ್ಸಿಗೆ ಸಕ್ಕರೆ ಕಾಯಿಲೆಯೆ? ಅಷ್ಟೊಂದು ಸಿಹಿ ತಿನ್ನುತ್ತಿದ್ದೆಯೇನಪ್ಪಾ?” ಎಂಬ ಪ್ರಶ್ನೆಯನ್ನು ಕೇಳದ ರೋಗಿಯಿಲ್ಲ. ಕನಿಕರದಿಂದ ಕೇಳಿದರೂ ಅದು ಅಪವಾದವೇ. ತಾಯಂದಿರು ತಾವು ಏನೋ ತಪ್ಪು ಉಣಿಸಿದೆವೆಂದು ವರ್ಷಗಟ್ಟಲೆ ಕೊರಗುತ್ತಾರೆ. ಆ ಕೊರಗಿಗೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಎರಡನೆಯದಾಗಿ, ಮುಚ್ಚಿಡುವುದು. ವಿದ್ಯಾರ್ಥಿಯಾಗಿದ್ದಾಗ ಒಂದು ಶಾಲೆಯಲ್ಲಿ ನನ್ನನ್ನು, ಇತರ ಮಕ್ಕಳು ಹೆದರಿಯಾರೆಂದು, ಚುಚ್ಚುಮದ್ದಿಗೆ ಶೌಚಾಲಯಕ್ಕೆ ಕಳುಹಿಸುತ್ತಿದ್ದರು. ಊಟದ ಮುನ್ನ ಕೈ ತೊಳೆಯುವುದಕ್ಕಿಂತ ಹೆಚ್ಚಿನ ರಹಸ್ಯ ಇದರಲ್ಲಿ ಏನಿದೆ? ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಸಂಬಂಧ ಕೂಡಿಬರುವುದಿಲ್ಲವೆಂಬ ಅಂಜಿಕೆಯಿಂದ ರೋಗವನ್ನು ಮರೆಮಾಡಿ ಮದುವೆ ಮಾಡಿದರೆ, ಆ ಹುಡುಗಿಯು ಗಂಡನ ಮನೆಯಲ್ಲಿ ಕದ್ದು ಚುಚ್ಚಿಕೊಳ್ಳಬೇಕು, ಇಲ್ಲವೆ ಬಿಟ್ಟುಬಿಡಬೇಕು. ಬಿಟ್ಟರೆ ಆಕೆ ಉಳಿಯುವುದು ದಿನಗಳ ಲೆಕ್ಕ. ಇನ್ಸುಲಿನ್ ಸರಿಯಾಗಿ ದೊರೆತ ಹೆಣ್ಣು ವೈದ್ಯರ ಮೇಲ್ವಿಚಾರಣೆಯಲ್ಲಿ ಆರೋಗ್ಯವಂತ ಮಕ್ಕಳನ್ನು ಹೆರಬಲ್ಲಳು. ಇದನ್ನು ಹಿರಿಯರಿಗೆ ತಿಳಿಹೇಳುವ ಧೈರ್ಯ ಓದಿದ ತರುಣರಲ್ಲಿ ಇರಬೇಕು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಬೇರಿನ ಕಷಾಯದಿಂದ, ಪುಡಿಯಿಂದ, ಹರಕೆಯಿಂದ ಈ ರೋಗವನ್ನು ಬುಡಸಮೇತ ಕೀಳುವೆವೆಂದು ಹೇಳುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ರೋಗ ಗೊತ್ತಾದ ಹೊಸದರಲ್ಲಿ ಉಳಿದಿರುವ ಕೆಲವು ಬೀಟಾ ಕೋಶಗಳು ಇನ್ಸುಲಿನ್ನಿನ ನೆರವು ಸಿಕ್ಕೊಡನೆ ಸ್ವಲ್ಪ ಕಾಲ ಚೇತರಿಸಿಕೊಳ್ಳುವುದುಂಟು. ಆ ದಿನಗಳಲ್ಲಿ ಮದ್ದು ಬಹಳ ಕಡಿಮೆ ಸಾಕಾಗುತ್ತದೆ. ಆಗಲೇ ಕಷಾಯ ಕುಡಿದಿದ್ದರೆ ಕೀರ್ತಿ ಕಷಾಯಕ್ಕೆ ಹೋಗುತ್ತದೆ, ಇನ್ಸುಲಿನ್ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಆ ಕೋಶಗಳೂ ಸತ್ತಾಗ ಮಗುವನ್ನು ಏದುಸಿರಿನಲ್ಲಿ ಮಿರಜಿಗೋ ಬೆಳಗಾವಿಗೋ ಹೊತ್ತುಕೊಂಡು ಓಡಬೇಕಾಗುತ್ತದೆ. ಉಂಡರೂ ಉಣದಿದ್ದರೂ, ಜ್ವರವಿದ್ದರೂ, ಮೊದಲನೆಯ ಬಗೆಯವರು ಇನ್ಸುಲಿನ್ನನ್ನು ಪೂರ್ತಿಯಾಗಿ ನಿಲ್ಲಿಸುವಂತಿಲ್ಲ.

ನಾಲ್ಕನೆಯದು ಶಾಲೆ-ಕಾಲೇಜುಗಳಿಗೆ ಸೇರಿದುದು. ಪರೀಕ್ಷೆಯ ಮಂದಿರದಲ್ಲಿ ಸಕ್ಕರೆ ಇಳಿದ ವಿದ್ಯಾರ್ಥಿಯು ಬರೆಯುವುದನ್ನು ಬಲ್ಲವನಾದರೂ ಬರೆಯಲಾರನು. ೨೦೧೭ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ಇಂಥ ವಿದ್ಯಾರ್ಥಿಗಳು ಸಕ್ಕರೆ, ಹಣ್ಣು, ನೀರುಗಳನ್ನು ಪರೀಕ್ಷೆಗೆ ಒಯ್ಯಲು ಅನುಮತಿ ಕೊಟ್ಟಿತು. ೨೦೨೩ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಇಂಥ ಸೌಕರ್ಯವನ್ನು ಒದಗಿಸುವಂತೆ ರಾಜ್ಯಗಳಿಗೆ ಬರೆಯಿತು. ನಿಯಮ ಕಾಗದದ ಮೇಲಿದ್ದರೆ ಸಾಲದು. ಮೇಲ್ವಿಚಾರಕನಿಗೂ ಅದು ತಿಳಿದಿರಬೇಕು. ಪಾಠದ ನಡುವೆ ಹುಡುಗನೊಬ್ಬನು ಒಂದು ಚಿಟಿಕೆ ಗ್ಲೂಕೋಸ್ ಬಾಯಿಗೆ ಹಾಕಿಕೊಂಡರೆ ಅದು ಅಶಿಸ್ತಲ್ಲ.

ಕೊನೆಯದಾಗಿ, ಈ ರೋಗದಿಂದ ದೊಡ್ಡ ಕೆಲಸ ಸಾಗದೆಂಬ ಹೆದರಿಕೆ ಬೇಡ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಮರಿಗೆ ೧೯೯೭ರಲ್ಲಿ ಈ ರೋಗ ಬಂದಿತು. ಆಮೇಲೆಯೂ ಅವರು ವರ್ಷಗಟ್ಟಲೆ ಆಡಿ ವಿಕೆಟುಗಳನ್ನು ಕಿತ್ತರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ವಶವಾದ ಶಾಂಘೈ ನಗರದಲ್ಲಿ ಇನ್ಸುಲಿನ್ ಸಿಕ್ಕದಂತಾದಾಗ, ನಿರಾಶ್ರಿತೆಯಾಗಿದ್ದ ಈವಾ ಸಾಕ್ಸ್ಲ್ ಎಂಬ ಮಹಿಳೆಯು ತನ್ನ ಗಂಡನೊಡನೆ ವೈದ್ಯಗ್ರಂಥವೊಂದನ್ನು ಓದಿ, ನೀರೆಮ್ಮೆಗಳ ಗ್ರಂಥಿಯಿಂದ ತಾನೇ ಇನ್ಸುಲಿನ್ ತೆಗೆದು, ಮೊಲಗಳ ಮೇಲೆ ಪರೀಕ್ಷಿಸಿ, ಮೊದಲು ತಾನೇ ಚುಚ್ಚಿಕೊಂಡು, ಆಮೇಲೆ ಅಲ್ಲಿನ ಇತರ ರೋಗಿಗಳಿಗೂ ಹಂಚಿದಳು. ಆಕೆ ವೈದ್ಯೆಯೂ ಅಲ್ಲ, ರಸಾಯನಶಾಸ್ತ್ರಜ್ಞೆಯೂ ಅಲ್ಲ. ಪುಸ್ತಕದ ವಿದ್ಯೆ ಜೀವವನ್ನು ಉಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಓದುಗರಾದ ವಿದ್ಯಾರ್ಥಿಮಿತ್ರರಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಓಣಿಯ ಯಾವುದಾದರೂ ಮಗು ಏಕಾಏಕಿ ಬಡಕಲಾಗಿ, ತಂಬಿಗೆಗಟ್ಟಲೆ ನೀರು ಕುಡಿಯುತ್ತ, ಮೇಲಿಂದ ಮೇಲೆ ಹೊರಗೆ ಹೋಗುತ್ತಿದ್ದರೆ, ಬೇಸಗೆಯ ಬಾಯಾರಿಕೆಯೆಂದು ಸುಮ್ಮನಿರಬೇಡಿರಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಆ ದಿನವೇ ಕರೆದುಕೊಂಡು ಹೋಗಿ ಒಂದು ಹನಿ ರಕ್ತವನ್ನು ಪರೀಕ್ಷೆ ಮಾಡಿಸಿರಿ. ಪರೀಕ್ಷೆಗೆ ಒಂದು ನಿಮಿಷ ಕೂಡ ಹಿಡಿಯುವುದಿಲ್ಲ. ಅದರಿಂದ ಆ ಮಗುವಿಗೆ ಒಂದು ಇಡೀ ಆಯುಷ್ಯ ದೊರೆಯಬಹುದು.